ತುಕ್ಕು ಉಜ್ಜುವ ಮೊದಲು ಸೈಕಲ್ಲನ್ನು ಓದಿ

ಪಣಂಬೂರಿನ ನವಮಂಗಳೂರು ಬಂದರಿಗಾಗಿ ನೆಲ ಬಿಟ್ಟುಕೊಟ್ಟ ಕುಟುಂಬಗಳಿಗೆ ನೆಲೆಯಾದ ಊರು ಕಾಟಿಪಳ್ಳ. ಆ ಕಾಲದ ಕರಿ ಸೈಕಲ್ಲುಗಳು ಇಂಥ ಊರುಗಳ ಸೌದೆ ಕೊಟ್ಟಿಗೆಗಳಲ್ಲಿ ಈಗಲೂ ಗೋಡೆಗೊರಗಿ ನಿಂತಿರುತ್ತವೆ. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುತ್ತಾರೆ, ಮನೆಯ ಹುಡುಗರು ಉಪ್ಪುಕಾಗದ, ಸ್ಪ್ರೇ ಪೇಂಟ್ ತರುತ್ತಾರೆ. ಸೈಕಲ್ಲಿಗೆ ಎರಡೂ ಕೇಡೇ. ತುಕ್ಕಿನಡಿ ಅದರ ಊರು, ವಯಸ್ಸು, ಮನೆತನದ ಗುರುತುಗಳು ಉಳಿದಿರುತ್ತವೆ. ಒಮ್ಮೆ ಉಜ್ಜಿ ತೆಗೆದರೆ ಅವು ಮತ್ತೆ ಬರುವುದಿಲ್ಲ.

ಗುರುತು ಹಿಡಿಯಲು ಒಣ ಬಟ್ಟೆ, ಟಾರ್ಚು, ಮೊಬೈಲ್ ಕ್ಯಾಮೆರಾ ಸಾಕು. ಮೊದಲು ಹ್ಯಾಂಡಲ್ ಕೆಳಗಿನ ಕೊಳವೆಗೆ ಬಡಿದ ಬಿಲ್ಲೆ ನೋಡಿ. ಕೊಕ್ಕರೆಯ ತಲೆ ಇದ್ದರೆ ರ‍್ಯಾಲಿ, ಒಂದಕ್ಕೊಂದು ಒರಗಿಸಿಟ್ಟ ಮೂರು ಬಂದೂಕುಗಳಿದ್ದರೆ ಬಿಎಸ್‌ಎ. ಬಿಲ್ಲೆ ಬಿದ್ದುಹೋಗಿದ್ದರೆ ರಿವೆಟ್ಟಿನ ತೂತುಗಳು ಉಳಿದಿರುತ್ತವೆ. ಅವು ಮೇಲೆ ಕೆಳಗೆ ಇವೆಯೋ ಅಕ್ಕಪಕ್ಕ ಇವೆಯೋ, ನಡುವೆ ಎಷ್ಟು ಅಂತರವಿದೆ ಎಂದು ಅಳೆದು ಬರೆದಿಡಿ. ಪೆಡಲ್ ಪಕ್ಕದ ಹಲ್ಲುಚಕ್ರದಲ್ಲಿ ಹಸ್ತದ ಆಕಾರ ಕೊರೆದಿದ್ದರೆ ಅದು ರಡ್ಜ್. ಮುಂದಿನ ಫೋರ್ಕಿನ ಒಂದೊಂದು ಕಾಲಿಗೂ ಜೋಡಿ ಕೊಳವೆಗಳಿದ್ದರೆ ಹಂಬರ್. ಆದರೆ ಒಂದೇ ಗುರುತು ನಂಬಿ ತೀರ್ಮಾನಕ್ಕೆ ಬರಬೇಡಿ. ಐವತ್ತು ವರ್ಷ ದುಡಿದ ಸೈಕಲ್ಲಿಗೆ ಯಾವುದೋ ಕಂಪನಿಯ ಚಕ್ರ, ಇನ್ಯಾವುದೋ ಕಂಪನಿಯ ಫೋರ್ಕು ಸೇರಿರುವುದು ಸಾಮಾನ್ಯ. ಮೂರು ಗುರುತುಗಳಾದರೂ ಒಂದೇ ಮಾತು ಹೇಳಬೇಕು.

ಇಂಗ್ಲಿಷ್ ಹೆಸರು ಕಂಡ ಮಾತ್ರಕ್ಕೆ ಸೈಕಲ್ಲು ಇಂಗ್ಲೆಂಡಿನದೇ ಆಗಬೇಕಿಲ್ಲ. 1949ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿಐ ಸೈಕಲ್ಸ್ ಹರ್ಕ್ಯುಲಿಸ್, ಫಿಲಿಪ್ಸ್, ಬಿಎಸ್‌ಎ ಹೆಸರುಗಳಲ್ಲಿ ಇಲ್ಲಿಯೇ ಸೈಕಲ್ ಮಾಡಿತು. ಅಸನ್ಸೋಲಿನ ಸೆನ್-ರ‍್ಯಾಲಿ ಕಾರ್ಖಾನೆ ರ‍್ಯಾಲಿಗಳನ್ನು ತಯಾರಿಸಿತು. 1951ರಲ್ಲಿ ಸೋನೆಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಬಂದವು. ಇವು ಇಂಗ್ಲೆಂಡಿನವಕ್ಕಿಂತ ಕೀಳು ಎಂಬ ಭಾವನೆ ಬೇಡ. ನಮ್ಮ ಊರುಗಳನ್ನು ನಿಜವಾಗಿ ಹೊತ್ತವು ಇವೇ.

ವರ್ಷ ತಿಳಿಯಲು ಸುಲಭದ ದಾರಿ ಹಿಂಚಕ್ರದ ಹಬ್ಬಿನಲ್ಲಿದೆ. ಮೂರು ಗೇರಿನ ಸ್ಟರ್ಮಿ-ಆರ್ಚರ್ ಹಬ್ಬು ಇದ್ದರೆ ಅದರ ಮೇಲೆ ಕೆತ್ತಿದ ಎರಡು ಅಂಕಿಗಳು ವರ್ಷ ಸೂಚಿಸುತ್ತವೆ: 56 ಎಂದಿದ್ದರೆ 1956. ಅದು ಹಬ್ಬಿನ ವರ್ಷ ಎಂಬುದು ನೆನಪಿರಲಿ. ಸೈಕಲ್ ತೆರಿಗೆ ಕಟ್ಟಿದಾಗ ಸ್ಥಳೀಯ ಆಡಳಿತ ಕೊಡುತ್ತಿದ್ದ ಪುಟ್ಟ ಲೋಹದ ಬಿಲ್ಲೆ ಎಲ್ಲಾದರೂ ನೇತಾಡುತ್ತಿದ್ದರಂತೂ ಅದಕ್ಕಿಂತ ದೊಡ್ಡ ದಾಖಲೆ ಇಲ್ಲ. ಸೀಟಿನ ಕೆಳಗಿನ ಜೋಡಣೆಯಲ್ಲೋ ಪೆಡಲ್ ಅಚ್ಚಿನ ತಳದಲ್ಲೋ ಫ್ರೇಮ್ ನಂಬರ್ ಇರುತ್ತದೆ. ಅದರ ಫೋಟೊ ತೆಗೆದಿಡಿ.

ಇನ್ನು ತುಕ್ಕು. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ, ಜೊತೆಗೆ ಸುರತ್ಕಲ್ ಕಡಲಿನ ಉಪ್ಪುಗಾಳಿ. ಉಪ್ಪು ಗಾಳಿಯ ತೇವವನ್ನು ಎಳೆದು ಕಬ್ಬಿಣದ ಮೇಲೆ ಹಿಡಿದಿಡುತ್ತದೆ. ಹಾಗಾಗಿ ಬಿಸಿಲಿದ್ದರೂ ತುಕ್ಕು ನಿಲ್ಲುವುದಿಲ್ಲ. ಉಪ್ಪಿನ ಮೇಲೆಯೇ ಎಣ್ಣೆ ಹಚ್ಚಿದರೆ ಉಪ್ಪು ಒಳಗೇ ಉಳಿದು ಕೊರೆಯುತ್ತದೆ. ಮೊದಲು ಬಾವಿಯ ಸಿಹಿನೀರು, ಸ್ವಲ್ಪ ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಎಣ್ಣೆ ಆಮೇಲೆ.

ಕ್ರೋಮ್ ಮೇಲಿನ ಚುಕ್ಕೆ ತುಕ್ಕಿಗೆ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರಲ್ಲದ್ದಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರು ಬೀಳುವ ಭಯ ಕಡಿಮೆ. ಪದರವೇ ಎದ್ದುಹೋಗಿದ್ದರೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ನಮ್ಮ ಕಡೆ ತಾಮ್ರ, ಹಿತ್ತಾಳೆ ಬೆಳಗುವ ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲವಿದೆ, ಸಣ್ಣ ನಟ್ಟು ಬೋಲ್ಟುಗಳಿಗೆ ಅದರ ರಸ ಸಾಕು. ಬಣ್ಣ ಉಳಿಸಿಕೊಂಡು ತುಕ್ಕು ಮಾತ್ರ ತೆಗೆಯಬೇಕಾದರೆ ಅಂಗಡಿಯಲ್ಲಿ ಸಿಗುವ ಆಕ್ಸಾಲಿಕ್ ಆಮ್ಲದ ಪುಡಿಯನ್ನು 10 ಲೀಟರ್ ನೀರಿಗೆ 100 ಗ್ರಾಂ ಬೆರೆಸಿ. ಅದು ವಿಷ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳು, ದನಕರುಗಳಿಂದ ದೂರವಿಡಿ, ಕೊನೆಗೆ ಅಡುಗೆ ಸೋಡಾ ನೀರಲ್ಲಿ ತೊಳೆಯಿರಿ. ಚಿನ್ನದ ಗೆರೆ, ಅಕ್ಷರಗಳಿರುವಲ್ಲಿ ಕಾಣದ ಮೂಲೆಯೊಂದರಲ್ಲಿ ಪರೀಕ್ಷಿಸಿಯೇ ಮುಂದುವರಿಯಿರಿ. ಚರ್ಮದ ಸೀಟಿಗೆ ತೆಂಗಿನೆಣ್ಣೆ ಸುರಿಯಬೇಡಿ, ಚರ್ಮ ಮೆತ್ತಗಾಗಿ ಜೋತುಬೀಳುತ್ತದೆ.

ಬಿಚ್ಚುವಾಗ ಹೆಚ್ಚು ಹಾಳಾಗುವುದು ಪೆಡಲ್ ಕೈಯನ್ನು ಹಿಡಿದಿರುವ ಕಾಟರ್ ಪಿನ್. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಯ ಮಟ್ಟಕ್ಕೆ ತಂದು, ಪೆಡಲ್ ಕೈಯ ಕೆಳಗೆ ಗಟ್ಟಿ ಕೊಳವೆಯ ಆಧಾರ ಕೊಟ್ಟು, ಒಂದೇ ಬಿಗಿ ಪೆಟ್ಟು ಹಾಕಿ. ಆಧಾರವಿಲ್ಲದೆ ಬಡಿದರೆ ಪೆಟ್ಟು ಅಚ್ಚಿನ ಗುಂಡುಗಳಿಗೆ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಎಡಗಡೆಯ ಪೆಡಲ್ ತಿರುವು ಉಲ್ಟಾ, ಬಲವಂತ ಮಾಡಬೇಡಿ. ಪೆಡಲ್ ಅಚ್ಚಿನಲ್ಲಿ ಸಾಮಾನ್ಯವಾಗಿ ಪಕ್ಕಕ್ಕೆ 11ರಂತೆ ಕಾಲಿಂಚಿನ ಗುಂಡುಗಳು. ಅವನ್ನು ಹೊಸದಾಗಿಯೇ ಹಾಕಿ, ಗ್ರೀಸ್ ತುಂಬಿ. ಚೈನಿನ 24 ಕೊಂಡಿಗಳು 12 ಇಂಚಿಗಿಂತ ಎಂಟನೇ ಒಂದು ಇಂಚು ಹೆಚ್ಚು ಅಳತೆ ತೋರಿದರೆ ಚೈನ್ ಬದಲಿಸುವ ಸಮಯ ಬಂದಿದೆ. 28 ಇಂಚಿನ ಟೈರು, ಟ್ಯೂಬು, ಕಡ್ಡಿ ಬ್ರೇಕಿನ ರಬ್ಬರು ಇಂದಿಗೂ ಸಿಗುತ್ತವೆ, ಹುಡುಕಾಟದ ಕಷ್ಟವಿಲ್ಲ.

ಎರಡು ಕಡೆ ಮಾತ್ರ ರಾಜಿ ಬೇಡ. ಫೋರ್ಕಿನ ಮೇಲಿನ ಕೊಳವೆ ಹ್ಯಾಂಡಲ್ ಕೆಳಗಿನ ಫ್ರೇಮ್ ಕೊಳವೆಯ ಒಳಗೆ ಅಡಗಿರುತ್ತದೆ, ಬಿಚ್ಚಿಯೇ ನೋಡಬೇಕು. ಟೈರಿನ ಅಂಚು ಕೂರುವ ರಿಮ್ಮಿನ ಒಳಬದಿಯೂ ಹಾಗೆಯೇ. ಸ್ಕ್ರೂಡ್ರೈವರ್ ಒತ್ತಿದಾಗ ಲೋಹ ಪದರ ಪದರವಾಗಿ ಉದುರಿದರೆ ಆ ಭಾಗ ಸವಾರಿಗೆ ಸಲ್ಲದು. ಬದಲಿಸಿದ ಹಳೆಯ ಭಾಗವನ್ನು ಗುಜರಿಗೆ ಹಾಕದೆ ಹೆಸರು, ತಾರೀಕು ಬರೆದ ಚೀಟಿಯೊಡನೆ ಎತ್ತಿಡಿ. ಹೊಸ ಬಣ್ಣ ಹೊಡೆಯಲೇಬೇಕಿದ್ದರೆ ಮಳೆಗಾಲ ಮುಗಿಯುವವರೆಗೆ ಕಾಯಿರಿ.