ಯುರೇನಿಯಂ ಹೋದ ಮೇಲೆ ಉಳಿಯುವುದು

ಕೊಣ್ಣೂರಿನ ಓದುಗರೊಬ್ಬರು ಕೇಳಿದ್ದಾರೆ: ದೇಶನೂರ ಕಡೆ ಕಲ್ಲಿನಲ್ಲಿ ಯುರೇನಿಯಂ ಸಿಕ್ಕಿದೆಯಂತೆ, ಗೋಕಾಕ ಫಾಲ್ಸಿನ ಬಂಡೆಯೂ ಅದೇ ಕಲಾದಗಿ ಶಿಲಾಸ್ತರದ್ದು, ನಾಳೆ ಗಣಿ, ಗಿರಣಿ ಬಂದರೆ ನಮ್ಮ ಜೋಳ, ಎಮ್ಮೆ ಹಾಲಿನ ಗತಿಯೇನು?

ಬಂಡೆ ಒಂದೇ ಕುಲದ್ದಾದ ಮಾತ್ರಕ್ಕೆ ಅದರಲ್ಲಿ ಅದಿರು ಇರಬೇಕೆಂದಿಲ್ಲ. ಪ್ರಾಯೋಗಿಕ ಗಣಿಯವರೆಗೂ ಮಾತು ಮುಂದುವರಿದದ್ದು ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ. ಆದರೆ ಊಟದ ಪ್ರಶ್ನೆ ಸರಿಯಾದದ್ದೇ. ಅದರ ಉತ್ತರ ಪ್ಯಾರಿಸ್ಸಿನಲ್ಲಿ, 1898ರಲ್ಲಿ ಶುರುವಾಗುತ್ತದೆ.

ಪಿಚ್‌ಬ್ಲೆಂಡ್ ಎಂಬ ಅದಿರಿನ ವಿಕಿರಣ, ಅದರೊಳಗಿನ ಯುರೇನಿಯಂನ ಲೆಕ್ಕಕ್ಕಿಂತ ಹೆಚ್ಚಿರುವುದನ್ನು ಮೇರಿ ಕ್ಯೂರಿ ಕಂಡರು. ಪತಿ ಪಿಯರ್ ಜತೆಗೂಡಿ ಜುಲೈನಲ್ಲಿ ಪೊಲೋನಿಯಂ, ಡಿಸೆಂಬರಿನಲ್ಲಿ ರೇಡಿಯಂ ಪತ್ತೆಹಚ್ಚಿದರು. ಬೇರ್ಪಡಿಸಿ ತೋರಿಸಲು ಟನ್ನುಗಟ್ಟಲೆ ಅದಿರು ಬೇಕು, ಅದೋ ದುಬಾರಿ. ಬೊಹೀಮಿಯಾದ ಯೊವಾಕಿಮ್‌ಸ್ಟಾಲ್‌ನಲ್ಲಿ ಗಾಜಿಗೆ ಬಣ್ಣ ಕೊಡಲು ಯುರೇನಿಯಂ ತೆಗೆದುಕೊಂಡು ಉಳಿದದ್ದನ್ನು ಪೈನ್ ಕಾಡಿನಲ್ಲಿ ಸುರಿಯುತ್ತಿದ್ದರು. ದಂಪತಿ ಆ ಕಸವನ್ನೇ ತರಿಸಿಕೊಂಡರು. ಚೀಲಗಳಲ್ಲಿ ಪೈನ್ ಎಲೆಗಳೂ ಬೆರೆತಿದ್ದವು. 1902ರ ಹೊತ್ತಿಗೆ ಅದರಿಂದ ಸಿಕ್ಕ ರೇಡಿಯಂ ಕ್ಲೋರೈಡ್ ಒಂದು ಗ್ರಾಮಿನ ಹತ್ತನೇ ಒಂದು ಭಾಗ!

ನಮ್ಮ ಕಡೆಯ ಬೆಲ್ಲದ ಗಾಣ ನೆನೆಯಿರಿ. ರಸ ಕೊಪ್ಪರಿಗೆಗೆ, ಸಿಪ್ಪೆ ಒಲೆಗೆ. ಯುರೇನಿಯಂ ಗಿರಣಿ ತಿರುವುಮುರುವಾದ ಗಾಣ: ಸಿಹಿಯೆಲ್ಲ ಸಿಪ್ಪೆಯಲ್ಲೇ ಉಳಿಯುತ್ತದೆ. ಯುರೇನಿಯಂ-238ರಿಂದ ಸೀಸದವರೆಗಿನ ಸರಣಿಯಲ್ಲಿ ಸುಮಾರು 14 ವಿಕಿರಣಶೀಲ ಸದಸ್ಯರು. ಗಿರಣಿ ಒಯ್ಯುವುದು ಯುರೇನಿಯಂನ ಎರಡನ್ನು ಮಾತ್ರ. ಹೀಗಾಗಿ ಅದಿರಿನ ವಿಕಿರಣದ ಶೇ. 85ರಷ್ಟು ತ್ಯಾಜ್ಯದ ಕೆರೆ ಸೇರುತ್ತದೆ.

ಟಿವಿಯವರು ಕೂಗುವುದು ಯುರೇನಿಯಂ ಹೆಸರು. ನುಂಗಿದ ಯುರೇನಿಯಂನಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಒಂದೆರಡು ಪಾಲು. ಅದರ ಮುಖ್ಯ ಕಾಟ ಮೂತ್ರಪಿಂಡಕ್ಕೆ, ಅದೂ ವಿಕಿರಣಕ್ಕಿಂತ ರಾಸಾಯನಿಕ ವಿಷವಾಗಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ.

ನನ್ನ ಚಿಂತೆ ಆ ತ್ಯಾಜ್ಯದಲ್ಲೇ ಉಳಿಯುವ ರೇಡಿಯಂ-226ರದ್ದು. ಅದರ ಅರ್ಧಾಯು 1600 ವರ್ಷ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಎಲುಬಿಗೆ ಸೇರಿಸುತ್ತದೆ. ಎಮ್ಮೆಯ ದೇಹವಾದರೆ ಒಂದಿಷ್ಟನ್ನು ಹಾಲಿಗೂ ಬಿಡುತ್ತದೆ. ಒಣಗಿದ ತ್ಯಾಜ್ಯದಿಂದ ಏಳುವ ರೇಡಾನ್ ಅನಿಲ ಗಾಳಿಯಲ್ಲೇ ಸೀಸ-210, ಪೊಲೋನಿಯಂ-210 ಆಗಿ ಸೊಪ್ಪಿನ ಮೇಲೆ ಕೂರುತ್ತದೆ. ಸೊಪ್ಪು ತೊಳೆದರೆ ಇದು ತಕ್ಕಮಟ್ಟಿಗೆ ಹೋದೀತು, ಬೇರಿನಿಂದ ಬಂದದ್ದು ಹೋಗದು.

ಇವೆಲ್ಲ ಈಗಲೂ ನಮ್ಮ ತಾಟಿನಲ್ಲಿವೆ, ಗಣಿಯಿಲ್ಲದೆಯೇ. ಅನ್ನನೀರಿನ ಮೂಲಕ ಮನುಷ್ಯನಿಗೆ ತಲುಪುವ ಸಹಜ ವಿಕಿರಣ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 0.3 ಮಿಲಿಸೀವರ್ಟ್. ಆದ್ದರಿಂದ ಗಿರಣಿಯ ಮಾತು ಬಂದ ಯಾವ ಊರಿನಲ್ಲೇ ಆಗಲಿ, ಮೊದಲ ಗುದ್ದಲಿ ಬೀಳುವ ಮುಂಚೆಯೇ ಬಾವಿನೀರು, ಹಾಲು, ಜೋಳದಲ್ಲಿ ರೇಡಿಯಂ, ಪೊಲೋನಿಯಂ ಎಷ್ಟಿದೆಯೆಂದು ಅಳೆಸಿ, ಆ ಕಾಗದವನ್ನು ಪಂಚಾಯಿತಿಯಲ್ಲಿ ಇಟ್ಟುಕೊಳ್ಳಬೇಕು. ಅದಿಲ್ಲದಿದ್ದರೆ “ಮೊದಲಿಂದಲೂ ಹೀಗೇ ಇತ್ತು” ಎನ್ನುವ ಕಂಪನಿಗೂ “ಎಲ್ಲ ವಿಷವಾಯಿತು” ಎನ್ನುವ ಟಿವಿಗೂ ಉತ್ತರ ಕೊಡಲು ಬರುವುದಿಲ್ಲ.