ಮಹಾನಗರವೋ, ಹುಟ್ಟೂರೋ?

ಬೆಂಗಳೂರಿನಲ್ಲಿಯೇ ಉಳಿಯಬೇಕೆ, ಬಿಟ್ಟು ಊರು ಸೇರಬೇಕೆ ಎಂಬ ಪ್ರಶ್ನೆಯು ಈಚೆಗೆ ನಮ್ಮ ಗೃಹಸ್ಥರನೇಕರ ಮನಸ್ಸನ್ನು ಕಲಕುತ್ತಿದೆ. ಮೊನ್ನೆ ನಮ್ಮ ಕಚೇರಿಗೆ ಬಂದಿದ್ದ ಹಳೆಯ ಮಿತ್ರರೊಬ್ಬರು ಇದೇ ಪ್ರಸ್ತಾಪವನ್ನೆತ್ತಿದರು. ಮೂವತ್ತು ವರ್ಷಕಾಲ ಇಲ್ಲಿ ಸರಕಾರಿ ನೌಕರಿ ಮಾಡಿ ನಿವೃತ್ತರಾದ ಅವರಿಗೆ, ಇರುವ ಮನೆಯನ್ನು ಮಾರಿ ಹಾವೇರಿಯ ಕಡೆಯ ತಮ್ಮ ಹುಟ್ಟೂರಿಗೆ ತೆರಳಬೇಕೆಂಬ ಸಂಕಲ್ಪ. "ತಾವೇನೆನ್ನುತ್ತೀರಿ?" ಎಂದು ಕೇಳಿದರು. ವಾಚಕರಲ್ಲಿ ಹಲವರಿಗೆ ಇದೇ ಚಿಂತೆಯಿರಬಹುದಾದುದರಿಂದ ನಮ್ಮ ಅಭಿಪ್ರಾಯವನ್ನು ಇಲ್ಲಿ ನಿವೇದಿಸುತ್ತೇವೆ.

ಒಂದು ಕಾಲಕ್ಕೆ ಪಿಂಚಣಿ ಪಡೆದವರು ಶೇಷಾಯುಷ್ಯವನ್ನು ಕಳೆಯಲೆಂದು ಬೆಂಗಳೂರಿಗೇ ಬರುತ್ತಿದ್ದರು. 1927 ರಲ್ಲಿ ದೇಹಾರೋಗ್ಯ ಕೆಟ್ಟಾಗ ಮಹಾತ್ಮಾಜಿಯವರು ವಿಶ್ರಾಂತಿ ಪಡೆದದ್ದು ನಂದಿಬೆಟ್ಟದಲ್ಲಿಯೂ ಈ ನಗರದಲ್ಲಿಯೂ. 1941 ರ ಜನಗಣತಿಯಲ್ಲಿ ಇಲ್ಲಿಯ ಜನಸಂಖ್ಯೆ ಸುಮಾರು 4 ಲಕ್ಷ. 2011 ರಲ್ಲಿ ಅದು 84 ಲಕ್ಷವನ್ನು ಮೀರಿತು. ಕುಡಿಯುವ ನೀರನ್ನು ಸುಮಾರು 100 ಕಿಲೋಮೀಟರು ದೂರದ ಕಾವೇರಿಯಿಂದ ಯಂತ್ರಬಲದಿಂದ ಮೇಲೆತ್ತಿ ತರಬೇಕಾಗಿದೆ. 2024 ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಅನೇಕ ಬಡಾವಣೆಗಳ ಜನರು ಟ್ಯಾಂಕರಿನ ದಾರಿ ಕಾದುದನ್ನು ಯಾರೂ ಮರೆತಿಲ್ಲ. ವಿಶ್ರಾಂತಿಗೆಂದು ಬರುತ್ತಿದ್ದ ನಗರವನ್ನು ವಿಶ್ರಾಂತಿಗಾಗಿಯೇ ಬಿಡಬೇಕೆನ್ನುವ ಕಾಲ ಬಂದುದರಲ್ಲಿ ಸೋಜಿಗವೇನೂ ಇಲ್ಲ.

ಆದರೆ ನಗರದ ಮೇಲಣ ಬೇಸರವೊಂದೇ ಊರಿಗೆ ಮರಳಲು ಸಾಕಾದ ಕಾರಣವಲ್ಲ. ಗಾಂಧೀಜಿಯವರು 1936 ರಲ್ಲಿ ಸೇಗಾಂವ್ ಎಂಬ ಸಣ್ಣ ಹಳ್ಳಿಯಲ್ಲಿ ನೆಲೆಸಿ ಗ್ರಾಮಜೀವನದ ಮಹತ್ತ್ವವನ್ನು ಆಚರಣೆಯಿಂದಲೇ ತೋರಿಸಿಕೊಟ್ಟರು. ಡಾಕ್ಟರ್ ಅಂಬೇಡ್ಕರರಾದರೋ 1948 ರ ನವೆಂಬರ್ 4 ರಂದು ಸಂವಿಧಾನ ಸಭೆಯಲ್ಲಿ, ಹಳ್ಳಿಯನ್ನು ಕೊಂಡಾಡುವ ವಾಡಿಕೆಯನ್ನು ಕಟುವಾಗಿ ಖಂಡಿಸಿದರು. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಹೊಲಮನೆಯೂ ಮಾನಮರ್ಯಾದೆಯೂ ಉಳ್ಳವನಿಗೆ ಊರು ಹಿತ. ಕೆರೆಬಾವಿಗಳನ್ನು ಮುಟ್ಟಗೊಡದ ಊರಿನಿಂದ ಬಂದವನಿಗೆ ಮಹಾನಗರವೇ ಬಿಡುಗಡೆ. ಊರು ಎಂಬುದು ಎಲ್ಲರಿಗೂ ಒಂದೇ ಅಲ್ಲ.

ಒಂದೇ ಮನೆಯವರಿಗೂ ಅದು ಒಂದೇ ಅಲ್ಲವೆಂಬುದು ನಮಗೆ ಅಂದೇ ಹೊಳೆಯಿತು. "ಮನೆಯವರು ಏನೆನ್ನುತ್ತಾರೆ?" ಎಂದು ಕೇಳಲಾಗಿ ನಮ್ಮ ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರು ನಿಮ್ಮದು, ನನ್ನ ಮೂವತ್ತು ವರ್ಷ ಈ ಬೀದಿಯಲ್ಲಿ ಹೋಗಿದೆ ಅನ್ನುತ್ತಾಳೆ" ಎಂದರು. ಗಂಡನಿಗೆ ಹುಟ್ಟೂರಾದದ್ದು ಹೆಂಡತಿಗೆ ಅತ್ತೆಯ ಮನೆ. ಅವನು ಬಾಲ್ಯವನ್ನು ಹುಡುಕಿ ಹೊರಟರೆ, ಅವಳು ಕಟ್ಟಿಕೊಂಡ ನೆರೆಹೊರೆಯನ್ನು ಕಳೆದುಕೊಳ್ಳುತ್ತಾಳೆ. ಆಕೆಯ ಒಪ್ಪಿಗೆಯಿಲ್ಲದ ಸಂಕಲ್ಪವು ಸಂಕಲ್ಪವೇ ಅಲ್ಲ.

ಇನ್ನು, ನಾವು ಬಿಟ್ಟು ಬಂದ ಊರು ಅಲ್ಲಿ ಹಾಗೆಯೇ ಕಾದು ಕುಳಿತಿರುವುದಿಲ್ಲ. ಅಣ್ಣತಮ್ಮಂದಿರಲ್ಲಿ ಪಾಲಾಗಿರುತ್ತದೆ, ಜೊತೆಯವರಲ್ಲಿ ಕೆಲವರು ಗತಿಸಿರುತ್ತಾರೆ, ಅವರ ಮಕ್ಕಳು ಬೆಂಗಳೂರಿನಲ್ಲಿಯೇ ಇರುತ್ತಾರೆ. 2020 ರಲ್ಲಿ ಕೊರೋನಾ ವ್ಯಾಧಿಯ ಕಾಲಕ್ಕೆ ಗಂಟುಮೂಟೆ ಕಟ್ಟಿಕೊಂಡು ಊರು ಸೇರಿದವರಲ್ಲಿ ಅನೇಕರು ದುಡಿಮೆ ಕಾಣದೆ ಮರಳಿ ಬಂದರು. ಪಿಂಚಣಿಯುಳ್ಳವರಿಗೆ ದುಡಿಮೆಯ ಚಿಂತೆಯಿಲ್ಲದಿದ್ದರೂ ವೈದ್ಯರ ಚಿಂತೆ ತಪ್ಪಿದ್ದಲ್ಲ. ನಡುರಾತ್ರಿ ಎದೆನೋವು ಬಂದರೆ ಎಷ್ಟು ಹೊತ್ತಿನಲ್ಲಿ ಆಸ್ಪತ್ರೆ ತಲಪಬಹುದೆಂಬುದನ್ನು ವಿಚಾರಿಸಿಕೊಂಡೇ ಹೊರಡತಕ್ಕದ್ದು.

ಆದುದರಿಂದ ನಮ್ಮ ಸಲಹೆ ಇಷ್ಟೇ: ಮನೆಯನ್ನು ಮಾರದೆ ಬಾಡಿಗೆಗೆ ಕೊಟ್ಟು, ದಂಪತಿಗಳಿಬ್ಬರೂ ಒಂದು ಪೂರ್ತಿ ವರ್ಷ ಊರಿನಲ್ಲಿದ್ದು ನೋಡಲಿ. ಜಾತ್ರೆಯ ನಾಲ್ಕು ದಿನವಲ್ಲ. ಬೇಸಗೆಯನ್ನೂ ಮಳೆಗಾಲವನ್ನೂ, ಮಾತಿಗೆ ಯಾರೂ ಸಿಕ್ಕದ ಮಧ್ಯಾಹ್ನಗಳನ್ನೂ ಕಳೆದು ನೋಡಲಿ. ಆಮೇಲೆ ನಿಶ್ಚಯಿಸಲಿ. ಹಿಂತಿರುಗಿದರೆ ಅದು ಸೋಲೂ ಅಲ್ಲ, ಅಲ್ಲಿಯೇ ಉಳಿದರೆ ತ್ಯಾಗವೂ ಅಲ್ಲ.

ಅಧಿಕಾರಿವರ್ಗಕ್ಕೂ ಒಂದು ಮಾತು. ನೌಕರಿ, ಉನ್ನತ ವಿದ್ಯೆ, ದೊಡ್ಡ ಆಸ್ಪತ್ರೆಗಳೆಲ್ಲವೂ ಬಹುಮಟ್ಟಿಗೆ ಒಂದೇ ನಗರದಲ್ಲಿ ಕೂಡಿಕೊಂಡಿದ್ದರೆ ಉಳಿದ ಊರುಗಳ ಜನರಿಗೆ ಆಯ್ಕೆಯೆಂಬುದು ಹೆಸರಿಗೆ ಮಾತ್ರ. 1956 ರಲ್ಲಿ ನಾಡು ಒಂದಾದುದು ಅದರ ಭಾಗಗಳೆಲ್ಲವೂ ಬೆಳೆಯಲೆಂದು. 2012 ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವು ಪ್ರಾರಂಭವಾಯಿತು, ಸಂತೋಷವೇ. ಆದರೆ ಹಾವೇರಿಯ ಹುಡುಗನು ಹೊಟ್ಟೆಪಾಡಿಗಾಗಿ ಬೆಂಗಳೂರಿನ ಬಸ್ಸು ಹತ್ತಲೇಬೇಕಾಗಿರುವ ತನಕ ಕಟ್ಟಡದಿಂದ ಮಾತ್ರ ಕಾರ್ಯವಾಗದು.

ನಮ್ಮ ಮಿತ್ರರು, ಮನೆ ಮಾರುವ ಮಾತನ್ನು ಸದ್ಯಕ್ಕೆ ನಿಲ್ಲಿಸಿರುವುದಾಗಿ ನಿನ್ನೆ ತಿಳಿಸಿದರು. ಯುಗಾದಿಯ ತರುವಾಯ ದಂಪತಿಗಳಿಬ್ಬರೂ ಕೂಡಿಯೇ ಊರಿಗೆ ಹೊರಡುವರಂತೆ. ಅವರಿಗೆ ಶುಭವಾಗಲೆಂದು ಹಾರೈಸುತ್ತೇವೆ.