ಟ್ರ್ಯಾಕ್ಟರ್ ಟೈರಿನ ಅಳತೆ ಮತ್ತು ಡೀಸೆಲ್ ಉಳಿತಾಯ

ದೊಡ್ಡ ಟೈರು ಹಾಕಿಸಿದರೆ ಡೀಸೆಲ್ ಉಳಿಯುತ್ತದೆಂದು ಅನೇಕ ರೈತರು ನಂಬಿದ್ದಾರೆ. ಇದು ಅರ್ಧ ಮಾತ್ರ ನಿಜ.

ಟೈರಿನ ಮೇಲೆ 13.6-28 ಎಂದಿದ್ದರೆ ಅಗಲ ಸುಮಾರು 13.6 ಅಂಗುಲ, ರಿಮ್ಮಿನ ವ್ಯಾಸ 28 ಅಂಗುಲ ಎಂದರ್ಥ. ಅಗಲವಾದ ಟೈರು ಭಾರವನ್ನು ಹೆಚ್ಚು ಜಾಗಕ್ಕೆ ಹಂಚುವುದರಿಂದ ಸಡಿಲ ಮಣ್ಣಿನಲ್ಲಿ ಹೂತುಕೊಳ್ಳುವುದೂ ಜಾರುವುದೂ ಕಡಿಮೆ. ಆದರೆ ಎತ್ತರದ ಟೈರು ಸುತ್ತಿಗೆ ಹೆಚ್ಚು ದೂರ ಸಾಗುತ್ತದೆ. ಅದೇ ಗೇರಿನಲ್ಲಿ ಎಳೆಯುವ ಬಲ ತಗ್ಗುತ್ತದೆ.

ಆದ್ದರಿಂದ ಮೊದಲು ಚಕ್ರದ ಜಾರುವಿಕೆಯನ್ನು ಅಳೆಯಿರಿ. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ. ನೇಗಿಲನ್ನು ಮೇಲೆತ್ತಿ, ಹೊಲದಲ್ಲಿ ಚಕ್ರ 10 ಸುತ್ತು ತಿರುಗಿದಾಗ ಸಾಗಿದ ದೂರ ನೋಡಿ. ಅನಂತರ ಉಳುತ್ತಾ 10 ಸುತ್ತಿನ ದೂರ ನೋಡಿ. ಮೊದಲನೆಯದು 40 ಮೀಟರ್, ಎರಡನೆಯದು 30 ಮೀಟರ್ ಆದರೆ ಜಾರುವಿಕೆ ಶೇಕಡ 25. ಚಕ್ರದ ಕಾಲುಭಾಗ ತಿರುಗಾಟ ವ್ಯರ್ಥವಾಯಿತು. ಅದರ ಡೀಸೆಲಿಗೆ ದುಡ್ಡು ಕೊಟ್ಟವರು ನೀವೇ. ಉಳುಮೆಯಲ್ಲಿ ಶೇಕಡ 10ರಿಂದ 15 ಇದ್ದರೆ ಸರಿ.

ಜಾರುವಿಕೆ ಹೆಚ್ಚಿದ್ದರೆ ಹೀಗೆ ಮಾಡಿ:

1. ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಹೊಲದ ಕೆಲಸಕ್ಕೆ ಹೇಳಿರುವಷ್ಟೇ ಗಾಳಿ ಇಡಿ. ರಸ್ತೆಯಲ್ಲಿ ಟ್ರೇಲರ್ ಎಳೆಯುವ ಮುನ್ನ ಮತ್ತೆ ಹೆಚ್ಚಿಸಿ.

2. ಕೈಪಿಡಿಯಲ್ಲಿ ಹೇಳಿರುವಂತೆ ಹಿಂದಿನ ಟೈರುಗಳಿಗೆ ನೀರು ತುಂಬಿಸಿ ಇಲ್ಲವೆ ತೂಕ ಜೋಡಿಸಿ. ಅತಿಯಾದ ತೂಕವೂ ಡೀಸೆಲ್ ತಿನ್ನುತ್ತದೆ, ಮಣ್ಣನ್ನು ಗಟ್ಟಿಯಾಗಿಸುತ್ತದೆ.

3. ಸವೆದ ಟೈರು ಬದಲಿಸಿ.

ಇಷ್ಟಾದರೂ ಜಾರಿದರೆ ಮಾತ್ರ ತಯಾರಕರು ಸೂಚಿಸಿದ ಅಳತೆಗಳಲ್ಲಿ ಅಗಲವಾದುದನ್ನು ಆರಿಸಿ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಟ್ರ್ಯಾಕ್ಟರಿನಲ್ಲಿ ಹಿಂದಿನ ಅಳತೆಯನ್ನಷ್ಟೇ ಬದಲಿಸಬೇಡಿ. ಮುಂದಿನ ಚಕ್ರಗಳೊಡನೆ ಹೊಂದಿಕೆ ತಪ್ಪಿ ಗೇರುಗಳು ಬೇಗ ಸವೆಯುತ್ತವೆ.